ನೀರವ್ವನ ಎತ್ತಿದ ಕಾಲು

೧೨ ಫೆಬ್ರವರಿ ೧೯೪೨, ಗುರುವಾರ

ಇವತ್ತೂ ನೀರವ್ವ ಹೊಳೆ ಮುಟ್ಟಲಿಲ್ಲ. ಬೆಳಗಿನಿಂದ ದೀಪ ಹಚ್ಚುವ ಹೊತ್ತಿನವರೆಗೆ ನಡೆದದ್ದು ಒಂದು ಗೇಣು. ಎಳ್ಳಷ್ಟು ಕಾಲು ಸರಿಸು. ಕೈ ತೆಗೆ. ಉಸಿರು ಹಿಡಿ. ಕ್ಯಾಮೆರಾ ಟಕ್ ಅನ್ನಲಿ. ಮತ್ತೆ ಎಳ್ಳಷ್ಟು. ನನ್ನ ಸೊಂಟ ಬಿದ್ದುಹೋಯಿತು, ಆಕೆಯದು ನೆಟ್ಟಗೇ ಇದೆ. ಕಟ್ಟಿಗೆಯ ಗೊಂಬೆ, ಆಕೆಗೇನು!

ನಮ್ಮ ಮನೆಯ ಹಿಂದಿನ ಕೋಣೆ. ಬೆಳಕಿಂಡಿಗೆ ಕರಿ ಕಂಬಳಿ. ಎರಡು ಪೆಟ್ರೋಮ್ಯಾಕ್ಸ್ ಬುಸುಗುಡುತ್ತವೆ. ಗಾಳಿ ಆಡಿದರೆ ನೆರಳು ಅಲ್ಲಾಡುತ್ತದೆಂದು ಬಾಗಿಲೂ ಬಂದ್. ಒಳಗೆ ಮೂವರು — ಕ್ಯಾಮೆರಾ ಹಿಂದೆ ವಿರೂಪಾಕ್ಷಪ್ಪನವರು, ಗೋಡೆಗೆ ಒರಗಿ ಅವರ ಹೆಂಡತಿ ಪಂಪಾವತಿ ಅಕ್ಕ, ಗೊಂಬೆಯ ಹತ್ತಿರ ನಾನು. ಅಕ್ಕ ಇರದಿದ್ದರೆ ನನ್ನನ್ನು ಈ ಕೋಣೆಗೆ ಬಿಡುತ್ತಿದ್ದರೇ? ಊರ ಬಾಯಿಗೆ ಬೀಗ ಹಾಕುವವರು ಯಾರು.

ವಿರೂಪಾಕ್ಷಪ್ಪನವರು ಗಂಗಾವತಿಯ ಅಕ್ಕಿ ವ್ಯಾಪಾರಿಯ ಮಗ. ಮನೆ ಬಿಟ್ಟು ಓಡಿ ಬೊಂಬಾಯಿ ಸ್ಟುಡಿಯೋ ಸೇರಿದ್ದವರು. ಈಗ ಕ್ಯಾಮೆರಾ ಹೊತ್ತು ಕಿನ್ನಾಳಕ್ಕೆ ಬಂದಿದ್ದಾರೆ. ದಾರವಿಲ್ಲ, ಕೋಲಿಲ್ಲ, ಯಾರೂ ಮುಟ್ಟದೆ ನಮ್ಮ ಕಟ್ಟಿಗೆ ಗೊಂಬೆ ಪರದೆಯ ಮೇಲೆ ತಾನೇ ನಡೆಯುತ್ತದಂತೆ. ಕೊಡ ಹೊತ್ತು ಮನೆಯಿಂದ ಹೊರಟು ಹೊಳೆಗೆ ಹೋಗಿ ಬರುತ್ತದಂತೆ. ಯಾರೂ ಮುಟ್ಟದೆ! ಮುಟ್ಟಿ ಮುಟ್ಟಿ ನನ್ನ ಬೆರಳು ಸವೆದಿವೆ.

ಈ ಡೈರಿ ಅಕ್ಕ ಕೊಟ್ಟದ್ದು. ದಿನಗಳು ಅಚ್ಚಾಗಿಯೇ ಬಂದಿವೆ. ನಾನು ಬದುಕುವ ಮೊದಲೇ ಯಾರೋ ಅಚ್ಚು ಹಾಕಿಟ್ಟ ಹಾಗೆ.

೧೪ ಫೆಬ್ರವರಿ, ಶನಿವಾರ

ಹುಲಗೆಮ್ಮ ಅತ್ತೆ ಬೆಳಿಗ್ಗೆಯೇ ಶುರು ಮಾಡಿದಳು. ಅಪ್ಪನ ಅಕ್ಕ. ಅವ್ವ ಹೋದ ಮೇಲೆ ಈ ಮನೆ ನಡೆಯುವುದು ಅವಳ ಬಾಯಿಯಿಂದ.

"ಕಟ್ಟಿಗಿ ನಡೀತೈತಂತ! ಹಂಗಾದ್ರ ನಮ್ಮ ಒನಕಿ ತಾನ ಎದ್ದು ಕುಟ್ಟಲಿ ನೋಡೋಣು. ನನ್ನ ಮೊಣಕಾಲರ ಉಳೀತಾವ."

"ನಡೀತೈತ್ರಿ ಅತ್ತಿ, ಕ್ಯಾಮೆರಾದಾಗ," ಅಂದೆ.

"ನೀ ನೋಡೀಯೇನ?"

"ಇಲ್ಲ."

"ಮತ್ತ ಸುಮ್ನಿರು."

ನೋಡಿಲ್ಲ, ನಿಜ. ಯಾರೂ ನೋಡಿಲ್ಲ. ಕೊಪ್ಪಳದಲ್ಲಿ ಸಿನೆಮಾ ಟೆಂಟು ಹಾಕಿರುವ ಶಬ್ಬೀರಸಾಬ ಮಾತ್ರ ಆಗಲೇ ಗೋಡೆಗೋಡೆಗೆ ಕಾಗದ ಅಂಟಿಸಿದ್ದಾನೆ — 'ಬರುತ್ತದೆ! ಬರುತ್ತದೆ! ಕಿನ್ನಾಳ ಗೊಂಬೆ ನಡೆಯುತ್ತದೆ!' ಸಂತೆಗೆ ಹೋಗಿದ್ದ ಅಪ್ಪ ಯಾರಿಂದಲೋ ಓದಿಸಿಕೊಂಡು ಬಂದ. ಹೇಗನಿಸಿತು ಎಂದು ಕೇಳಿದರೆ, "ಬರ್ಲಿ ತಗೋ. ಅವಸರ ಏನೈತಿ," ಅಂದ. ಅಪ್ಪನಿಗೆ ಎಂದೂ ಅವಸರವಿಲ್ಲ. ಒಂದು ಗೊಂಬೆಯ ಹುಬ್ಬು ಎಳೆಯಲು ಒಂದು ಹೊತ್ತು ಬೇಕು ಅವನಿಗೆ.

೧೭ ಫೆಬ್ರವರಿ, ಮಂಗಳವಾರ

ಕುಷ್ಟಗಿಯಿಂದ ಗಾಳೆಪ್ಪ ಬಂದಿದ್ದ. ನನ್ನ ಮೈದುನ. ಅಣ್ಣನಂತಲ್ಲ, ಮೆತ್ತನೆಯ ಹುಡುಗ. ಅವನ ಕೈಯಲ್ಲಿ ಹೇಳಿ ಕಳಿಸಿದ್ದ ಮಾತು ಮಾತ್ರ ಮೆತ್ತಗಿರಲಿಲ್ಲ.

"ಸಣ್ಣ ವೈನಿಗೆ ದಿನ ತುಂಬಾಕ ಹತ್ತ್ಯಾವ್ರಿ ಮಾವ. ಮನ್ಯಾಗ ಕೈ ಸಾಲವಲ್ದು. ಅಣ್ಣ ಕರಕೊಂಡ ಬಾ ಅಂದಾನ."

ಮಕ್ಕಳಾಗಲಿಲ್ಲ ಎಂದು ಎರಡನೆಯವಳನ್ನು ತಂದರು. ತಂದ ದಿನ ಆಕೆಗೆ ಆರತಿ ಎತ್ತಿದ್ದು ನಾನೇ. ಆಮೇಲೆ ಒಂದು ಬೆಳಿಗ್ಗೆ ಗಂಟು ಕಟ್ಟಿಕೊಂಡು ಅಪ್ಪನ ಮನೆಗೆ ಬಂದುಬಿಟ್ಟೆ. ಈಗ ಆಕೆ ಹಡೆಯಬೇಕು, ನಾನು ನೀರು ಕಾಸಬೇಕು, ಬಟ್ಟೆ ಒಗೆಯಬೇಕು, ರೊಟ್ಟಿ ಬಡಿಯಬೇಕು. ಹೆಂಡತಿ ಬೇಕಾಗಿಲ್ಲ ಅಲ್ಲಿ. ಆಳು ಬೇಕು.

ಹೋದ ದೀಪಾವಳಿಗೆ ಹಿರಿಯರು ಕೂಡಿದರು. ಗಂಡುಳ್ಳ ಹೆಣ್ಣು ತವರಲ್ಲಿ ಎಷ್ಟು ದಿನ ಕೂರುವುದು ಎಂದು ಅಪ್ಪನನ್ನು ನಡುವೆ ಕೂರಿಸಿ ಕೇಳಿದರು. ಅಪ್ಪನಿಗೆ ಮಾತು ಬಾರದು. ವಿರೂಪಾಕ್ಷಪ್ಪನವರು ಕೆಲಸ ಒಪ್ಪಿಸಿ ಹೋಗಿದ್ದು ಆಗಲೇ. ಅದನ್ನೇ ಹಿಡಿದುಕೊಂಡ. "ಗೊಂಬಿ ಕೆಲಸ ಹಿಡದೀವಿ. ಅದು ಮುಗಿದ ದಿನ ಕಳಸ್ತೀನಿ," ಎಂದು ವೀಳ್ಯ ಎತ್ತಿದ. ವೀಳ್ಯ ಎತ್ತಿ ಕೊಟ್ಟ ಮಾತು. ಚಿತ್ರಗಾರ ದ್ಯಾವಪ್ಪ ಮಾತು ತಪ್ಪಿದ ಎಂದು ಕೊಪ್ಪಳದಿಂದ ಯಲಬುರ್ಗಿಯವರೆಗೆ ಯಾರೂ ಅಂದಿಲ್ಲ.

"ಕೆಲಸ ಇನ್ನೂ ಐತಿ," ಅಂದ ಅಪ್ಪ ಗಾಳೆಪ್ಪನಿಗೆ.

ಹೋಗುವಾಗ ಗಾಳೆಪ್ಪ ನನ್ನ ಹತ್ತಿರ ಗುಟ್ಟಾಗಿ ಕೇಳಿದ, "ವೈನಿ, ಖರೇನ ನಡೀತೈತೇನ ಗೊಂಬಿ?"

"ನಾನ ನಡಸಾಕಿ. ನನ್ನ ಕೇಳ್ತೀಯಲ್ಲ," ಅಂದೆ. ಅಳು ಬಂತು. ಹಾಳಾದ್ದು.

೨೩ ಫೆಬ್ರವರಿ, ಸೋಮವಾರ. ಮಧ್ಯಾಹ್ನ

ಪೆಟ್ರೋಮ್ಯಾಕ್ಸಿಗೆ ಎಣ್ಣೆ ಇಲ್ಲ. ಯುದ್ಧ. ವಿರೂಪಾಕ್ಷಪ್ಪನವರು ಎಣ್ಣೆ ಹುಡುಕಿ ಹಿಟ್ನಾಳಕ್ಕೆ ಹೋಗಿದ್ದಾರೆ. ಕೋಣೆಯಲ್ಲಿ ನಾನು, ಅಕ್ಕ, ನೀರವ್ವ.

ಅಕ್ಕ ಬೊಂಬಾಯಿಯ ಮಾತು ತೆಗೆದರು. ಅಲ್ಲಿ ಹೆಂಗಸರು ಸ್ಟುಡಿಯೋಗೆ ಟ್ರಾಮಿನಲ್ಲಿ ಹೋಗುತ್ತಾರಂತೆ, ಒಬ್ಬೊಬ್ಬರೇ. ನಾನು ನಂಬಲಿಲ್ಲ. ಆಮೇಲೆ ಅಕ್ಕ ಮೆಲ್ಲಗೆ ಹೇಳಿದರು —

"ಚಿತ್ರ ಮುಗೀಲಿ ಹಂಪವ್ವ. ಮುಗದದ್ದ ತಗೊಂಡು ನಾವು ಬೊಂಬಾಯಿಗಿ ಹೋಗೂದು. ಅಲ್ಲಿಯವ್ರು ಹ್ಯಾಂಗ ಮಾಡಿದ್ರಿ ತೋರಸ್ರಿ ಅಂತಾರ. ಇವ್ರ ಕೈ ನೋಡೀಯಲ್ಲ, ಎಮ್ಮಿ ಕಟ್ಟೂ ಕೈ. ತೋರಸಾಕ ನೀನ ಬೇಕು. ಬರ್ತೀಯೇನ ನನ್ನ ಜೋಡಿ? ನನ್ನ ಮನ್ಯಾಗ ಇರು. ನನಗೂ ಅಲ್ಲಿ ಕನ್ನಡ ಮಾತಾಡಾಕ ಯಾರೂ ಇಲ್ಲ."

ನಕ್ಕೆ. ಹುಚ್ಚು ಮಾತು. ಚಿತ್ರವೇ ಸುಳ್ಳಿರಬಹುದು. ಪರದೆಯ ಮೇಲೆ ಗೊಂಬೆ ಕಂಬದಂತೆ ನಿಂತೇ ಇದ್ದರೆ?

ಆದರೆ ಆಗಿನಿಂದ ಎದೆಯಲ್ಲಿ ಒಂದೇ ಸದ್ದು. ಚಿತ್ರ ಮುಗಿದರೆ ಕುಷ್ಟಗಿ. ಚಿತ್ರ ಮುಗಿದರೆ ಬೊಂಬಾಯಿ. ಎರಡೂ ಒಂದೇ ಬಾಗಿಲು. ಎತ್ತ ತೆರೆಯುತ್ತದೆಯೋ ಅದು ಮಾತ್ರ ಗೊತ್ತಿಲ್ಲ.

೨೮ ಫೆಬ್ರವರಿ, ಶನಿವಾರ

ನೀರವ್ವ ಹೊಳೆ ಮುಟ್ಟಿದಳು! ಕೊಡ ತುಂಬಿದಳು, ಕನ್ನಡಿಯ ಹೊಳೆಯಲ್ಲಿ. ರೀಲುಗಳು ಡಬ್ಬಿಯಲ್ಲಿ ಬೊಂಬಾಯಿಗೆ ಹೋದವು, ತೊಳೆಸಲು. ವಿರೂಪಾಕ್ಷಪ್ಪನವರು ತಾವೇ ಒಯ್ದರು.

ಡಬ್ಬಿ ನನ್ನ ಕಣ್ಣೆದುರೇ ಕೊಪ್ಪಳ ಸ್ಟೇಷನ್ನಿಗೆ ಹೋಯಿತು. ನಾನು ಹಿತ್ತಲಿಗೆ ಹೋದೆ, ಹುಣಸೆ ಬೀಜ ಅರೆಯಲು. ಗೊಂಬೆಗೆ ಅಂಟು ಬೇಕಲ್ಲ. ನನಗೆ ಬುದ್ಧಿ ತಿಳಿದಾಗಿನಿಂದ ಈ ಒರಳು, ಈ ಬೀಜ.

೧೯ ಮಾರ್ಚ್, ಗುರುವಾರ

ಏನು ಬರೆಯಲಿ.

ಯುಗಾದಿಯ ಬೇವು ಇನ್ನೂ ಬಾಗಿಲಲ್ಲಿದೆ. ರೀಲು ತಿರುಗಿ ಬಂತು. ಕೈಯಿಂದ ತಿರುವುವ ಮಿಶನ್ನು, ಗೋಡೆಗೆ ಅಪ್ಪನ ಧೋತರ. ನಾವು ಮನೆಯವರು, ಮತ್ತೆ ಟೆಂಟಿನ ಶಬ್ಬೀರಸಾಬ, ಸರಕು ನೋಡಲು ಬಂದಿದ್ದವನು.

ನಡೆದಳು. ನನ್ನ ನೀರವ್ವ ನಡೆದಳು! ಸೊಂಟ ಬಳುಕಿಸಿಕೊಂಡು, ಸೆರಗು ಹಾರಿಸಿಕೊಂಡು. ನನ್ನ ಕೈ ಎಲ್ಲೂ ಇಲ್ಲ. ಅಷ್ಟು ದಿನ ಅಷ್ಟು ಸಲ ಮುಟ್ಟಿದ ಕೈ, ಒಂದು ನೆರಳೂ ಇಲ್ಲ. ಹುಲಗೆಮ್ಮ ಅತ್ತೆ ಎದ್ದು ನಿಂತು, "ಯವ್ವಾ! ನಡದ್ಲಲ್ಲೋ ತಮ್ಮಾ ಆಕಿ! ಎಲ್ಲಿಗೆ ಹೊಂಟ್ಲು?" ಎಂದು ಅಪ್ಪನ ಹೆಗಲು ಹಿಡಿದಳು. ಒನಕೆಯ ಮಾತು ಆಡಿದವಳು ಇವಳೇ.

ಆಮೇಲೆ — ಥಟ್! ನಡೆಯುತ್ತಿದ್ದವಳು ಪಕ್ಕಕ್ಕೆ ಜಿಗಿದಳು. ಮತ್ತೆ ನಡೆದಳು. ಸ್ವಲ್ಪ ದೂರ. ಮತ್ತೆ ಥಟ್. ಕೊಡ ಜಿಗಿಯಿತು, ತಲೆ ಹೊರಳಿತು, ಎತ್ತಿದ ಕಾಲು ಹಿಂದಕ್ಕೆ ಬಂತು.

"ಇದೇನ್ರೀ, ಗೊಂಬಿಗಿ ಬಿಕ್ಕಳಿಕಿ ಹತ್ತ್ಯಾವ!" ಅಂದ ಶಬ್ಬೀರಸಾಬ. ಅತ್ತೆ ನಕ್ಕಳು. ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ನಾನು ನಗಲಿಲ್ಲ.

ಶಬ್ಬೀರಸಾಬ ಟೋಪಿ ಹಾಕಿಕೊಂಡ. "ಸಾಹೇಬ್ರ, ನಮ್ಮ ಮಂದಿ ಟೆಂಟ್ ಹರೀತಾರ. ಇದನ್ನ ದುರಸ್ತ್ ಮಾಡ್ರಿ, ಆಮ್ಯಾಲ ನೋಡೋಣು."

ದೀಪ ಹಚ್ಚಿದ ಮೇಲೆ ವಿರೂಪಾಕ್ಷಪ್ಪನವರು ರೀಲನ್ನು ಬೆಳಕಿಗೆ ಹಿಡಿದು ನೋಡಿದರು. ಬಿಕ್ಕಳಿಕೆ ಎಲ್ಲೆಂದರಲ್ಲಿ ಇಲ್ಲ. ಒಂದು ದಿನದ ಕೆಲಸ ನಿಲ್ಲಿಸಿ ಮರುದಿನ ಶುರು ಮಾಡಿದ ಕಡೆ ಮಾತ್ರ. ಪ್ರತಿ ಸಲ. ರಾತ್ರಿ ಯಾರೋ ಗೊಂಬೆ ಮುಟ್ಟುತ್ತಾರೆ ಅಂದರು. ಅಂದು ನನ್ನನ್ನು ನೋಡಿದರು.

ನನ್ನನ್ನು! ಮೈಯೆಲ್ಲ ಉರಿಯಿತು. ಎದ್ದು ಬಂದೆ.

೨೧ ಮಾರ್ಚ್, ಶನಿವಾರ. ರಾತ್ರಿ

ಸಿಕ್ಕ. ಬೆಕ್ಕಲ್ಲ, ಇಲಿಯಲ್ಲ.

ನೀರವ್ವನನ್ನು ಒಂದು ಕಾಲೆತ್ತಿ ನಿಲ್ಲಿಸಿಟ್ಟೆವು, ಪರೀಕ್ಷೆಗೆ. ಕತ್ತಲಾಗುವ ಮೊದಲೇ ನಾನು ಮೂಲೆಯ ಕಟ್ಟಿಗೆ ರಾಶಿಯ ಹಿಂದೆ ಕೂತೆ. ಎಲ್ಲರೂ ಉಣ್ಣಲು ಹೋದರು. ಬೀಗ ತೆಗೆದ ಸದ್ದು. ಅಪ್ಪ. ಕೈಯಲ್ಲಿ ಹಣತೆ. ಗೊಂಬೆಗೆ ಕೈ ಮುಗಿದ. ಹೆಗಲ ವಸ್ತ್ರ ಮಡಚಿ ನೆಲಕ್ಕೆ ಹಾಸಿದ. ಆಕೆಯನ್ನು ಎರಡು ಕೈಯಿಂದ ಎತ್ತಿ, ಕೂಸನ್ನು ಮಲಗಿಸಿದ ಹಾಗೆ ಮಲಗಿಸಿ, ಮುಖಕ್ಕೆ ಬಟ್ಟೆ ಎಳೆದ.

"ಅಪ್ಪಾ!"

ಹಣತೆ ಬೀಳಲಿಲ್ಲ. ಬೀಳುವಂಥ ಕೈಯಲ್ಲ ಅದು.

"ಕಣ್ಣ ಬಿಡಿಸಿದಾಕಿ ಹಂಪವ್ವ," ಅಂದ. "ಕಣ್ಣ ಬಿಡಿಸಿದ ಮ್ಯಾಲ ಒಂಟಿ ಕಾಲ ಮ್ಯಾಲ ರಾತ್ರಿಯೆಲ್ಲ ನಿಂದ್ರಸಬಾರ್ದು. ನಮ್ಮ ಶಾಸ್ತ್ರ ಐತಿ."

"ಆಕಿ ದೇವ್ರಲ್ಲೋ ಅಪ್ಪ. ನೀರು ತರಾಕಿ."

"ಕಣ್ಣ ಬಂದ ಮ್ಯಾಲ ಎಲ್ಲಾರೂ ಒಂದ. ದಿನಾ ಮಲಗಸ್ತಿದ್ದೆ. ಮುಂಜಾನೆ ನೀವು ಏಳೂದ್ರಾಗ ಇದ್ದಂಗ ಇಟ್ಟೀನಲ್ಲ. ನಿನಗರ ಗೊತ್ತಾತೇನ?"

ಗೊತ್ತಾಗಿರಲಿಲ್ಲ. ನನ್ನ ಕಣ್ಣಿಗೂ ಗೊತ್ತಾಗದಂತೆ ಇಟ್ಟಿದ್ದಾನೆ. ಕ್ಯಾಮೆರಾಕ್ಕೆ ಮಾತ್ರ ಗೊತ್ತಾಗಿದೆ. ಅಪ್ಪನ ಮೇಲೆ ಸಿಟ್ಟು ಮಾಡಲು ಹೋದೆ, ಆಗಲಿಲ್ಲ. ಅರವತ್ತು ದಾಟಿದವನು, ಗೊಂಬೆಗೆ ಕಾಲು ನೋಯುತ್ತದೆ ಎಂದು ದಿನಾ ಎದ್ದು ಬಂದಿದ್ದಾನೆ.

೨೨ ಮಾರ್ಚ್, ಭಾನುವಾರ

ವಿರೂಪಾಕ್ಷಪ್ಪನವರು ಮೊದಲು ಕೂಗಾಡಿದರು. ಆಮೇಲೆ ತಲೆ ಹಿಡಿದು ಕೂತರು. ಆಮೇಲೆ ನನ್ನ ಹತ್ತಿರ, "ತಪ್ಪಾತವ್ವ, ನಿನ್ನ ಮ್ಯಾಲ ಸಂಶೇ ಪಟ್ಟೆ," ಅಂದರು. ಶಾಸ್ತ್ರಕ್ಕೆ ಎದುರಾಡಿ ಕಿನ್ನಾಳದಲ್ಲಿ ಕೆಲಸ ಮಾಡಲಾಗುತ್ತದೆಯೇ? ಕೊನೆಗೆ ಒಪ್ಪಂದ — ದಿನದ ಕೆಲಸ ನಿಲ್ಲಿಸುವಾಗ ಗೊಂಬೆಯ ಎರಡೂ ಕಾಲು ನೆಲದ ಮೇಲಿರಬೇಕು. ಆಗ ಅಪ್ಪ ಮುಟ್ಟುವುದಿಲ್ಲ. ಮೊದಲಿನಿಂದ ಎಲ್ಲ ಮತ್ತೆ.

"ಮತ್ತ ಮಾಡೋಣಲ್ಲ," ಅಂದ ಅಪ್ಪ. "ಅವಸರ ಏನೈತಿ."

ಮತ್ತೆ ಕರಿ ಕಂಬಳಿ. ಮತ್ತೆ ಎಳ್ಳಷ್ಟು.

೩೧ ಮಾರ್ಚ್, ಮಂಗಳವಾರ

ಇವತ್ತು ಕೆಲಸವಿಲ್ಲ. ಮಂಗಳವಾರ ಗೊಂಬೆಯ ಕೀಲು ತಿರುವಬಾರದಂತೆ. ಅಪ್ಪ ಬೆಳಿಗ್ಗೆ ಹೇಳಿದ. ಹೋದ ತಿಂಗಳು ಮಂಗಳವಾರ ತಿರುವಿದ್ದೆವಲ್ಲ? "ಆವಾಗ ನೆನಪಾಗಲಿಲ್ಲ," ಅಂದ.

ಬಿಸಿಲು ಕಾದು ಹಂಚು ಸಿಡಿಯುತ್ತಿದೆ. ಕೋಣೆಯೊಳಗೆ ಕೂತರೆ ಉಸಿರು ಸಿಕ್ಕುವುದಿಲ್ಲ, ಹೊರಗೆ ಬಂದರೆ ಅತ್ತೆ ಕೈಗೆ ಒರಳು ಕೊಡುತ್ತಾಳೆ.

ಊರಲ್ಲಿ ಈಗ ನಮ್ಮ ಮನೆಯೇ ತಮಾಷೆ. ಬಾವಿಯ ಹತ್ತಿರ ನಮ್ಮ ಓಣಿಯ ಸೈದಾನಬಿ ಕೇಳಿದಳು, "ಹಂಪವ್ವ, ನಿಮ್ಮ ಗೊಂಬಿ ಬಿಕ್ಕಳಿಕಿ ನಿಂತಾವೇನ? ಒಂದೀಟು ಸಕ್ರಿ ತಿನಸು." ಬೈದು ಬಂದೆ. ಬಂದ ಮೇಲೆ ನಗು ಬಂತು.

೧೬ ಏಪ್ರಿಲ್, ಗುರುವಾರ

ಖಾಲಿ. ಫಿಲ್ಮು ಖಾಲಿ.

ಉಳಿದದ್ದು ಒಂದೇ ತುಣುಕಾಗಿತ್ತು. ಕಥೆಯಲ್ಲಿ ಮೊದಲನೆಯದು, ಕೆಲಸದಲ್ಲಿ ಕೊನೆಯದು. ನೀರವ್ವ ಖಾಲಿ ಕೊಡ ಹೊತ್ತು ಮನೆಯ ಹೊಸ್ತಿಲು ದಾಟಿ ಹೊರಗೆ ಬರುವುದು. ಬಲಗಾಲು ಎತ್ತಿಸಿದೆ. ಹೊಸ್ತಿಲ ಮೇಲೆ ತಂದೆ. ಟಕ್. ಟಕ್. ಆಮೇಲೆ ಕ್ಯಾಮೆರಾದಿಂದ ಬೇರೆಯೇ ಸದ್ದು. ವಿರೂಪಾಕ್ಷಪ್ಪನವರು ಕೆಟ್ಟ ಮಾತೊಂದು ಆಡಿ ಹಣೆಗೆ ಕೈ ಹಚ್ಚಿದರು.

ಯುದ್ಧಕ್ಕೆ ಫಿಲ್ಮೆಲ್ಲ ಸರ್ಕಾರದ ಪಾಲು. ಬೊಂಬಾಯಿಗೆ ಹೋಗಿ ಬೇಡಿ ತರಬೇಕು. ಎಷ್ಟು ದಿನವೋ. "ಅಲ್ಲಿತನಕ ಈಕಿನ್ನ ಯಾರೂ ಮುಟ್ಟಬಾರ್ದು. ದ್ಯಾವಪ್ಪನವರ, ಕೈ ಮುಗೀತೀನಿ. ಒಂಟಿ ಕಾಲಾಗ ಅದಾಳ, ಖರೆ. ನಿಮ್ಮ ಶಾಸ್ತ್ರ ಈ ಒಂದ ಸಲ ಬಿಡ್ರಿ," ಅಂದರು.

ಅಪ್ಪ ಎಷ್ಟೋ ಹೊತ್ತು ಗೊಂಬೆಯನ್ನೇ ನೋಡಿದ.

"ಇರ್ಲಿ ಬಿಡ್ರಿ," ಅಂದ.

ನಾನು ಜಗಳಕ್ಕೆ ಸಿದ್ಧಳಾಗಿದ್ದೆ. ಬೇಕಾಗಲಿಲ್ಲ. ಅಕ್ಕನೂ ಹೊರಟರು. ಬಂಡಿ ಹತ್ತುವಾಗ ನನ್ನ ಗಲ್ಲ ಹಿಡಿದು, "ಗಂಟು ಕಟ್ಟಿ ಇಡು," ಅಂದರು. ಯಾವ ಊರಿಗೆ ಎಂದು ಕೇಳಬೇಕೆನಿಸಿತು.

೨೭ ಏಪ್ರಿಲ್, ಸೋಮವಾರ

ಗಾಳೆಪ್ಪ ಮತ್ತೆ ಬಂದ, ಈ ಸಲ ಬಂಡಿ ಸಮೇತ. ಅಪ್ಪ ಅವನನ್ನು ಕೋಣೆಗೆ ಕರೆದೊಯ್ದು ಬಾಗಿಲಿಂದಲೇ ತೋರಿಸಿದ.

"ನೋಡಪಾ. ಕಾಲು ಇನ್ನೂ ಮ್ಯಾಲೈತಿ. ಕಾಲು ಇಳೀತು ಅಂದ್ರ ಕೆಲಸ ಮುಗೀತು. ಅಂದು ಬಾ."

ಗಾಳೆಪ್ಪ ಬಗ್ಗಿ ನೋಡಿದ. ಹೊಸ್ತಿಲ ಮೇಲೆ ಒಂದು ಕಾಲೆತ್ತಿದ ಗೇಣುದ್ದದ ಹೆಣ್ಣು. ಅದಕ್ಕಾಗಿ ತಾನು ಕುಷ್ಟಗಿಯಿಂದ ಬಂದು ಬರಿಗೈಲಿ ಹೋಗಬೇಕು. "ಅಣ್ಣಗ ಹ್ಯಾಂಗ ಹೇಳ್ಲಿರಿ ಇದನ್ನ?" ಅಂದ ಪಾಪ. ಬಂಡಿ ಖಾಲಿ ಹೋಯಿತು.

ನನ್ನ ಬದುಕು ಈಗ ಆ ಕಾಲಿನ ಮೇಲೆ ನಿಂತಿದೆ.

೫ ಮೇ, ಮಂಗಳವಾರ

ಇವತ್ತು ಗೊತ್ತಾಯಿತು. ಗೊತ್ತಾಗದಿದ್ದರೆ ಛಲೋ ಇತ್ತೋ ಏನೋ.

ಕೋಣೆಯ ಕಸ ಗುಡಿಸಲು ಬೀಗ ತೆಗೆದೆ. ಗೊಂಬೆಯನ್ನು ಮುಟ್ಟಲಿಲ್ಲ, ಬಗ್ಗಿ ನೋಡಿದೆ ಅಷ್ಟೆ. ನೀರವ್ವ ನಿಂತಿದ್ದಾಳೆ. ಆಕೆಯ ಹೆಗಲ ಮೇಲೆ ಧೂಳು. ಎತ್ತಿದ ಕಾಲಿಗೂ ಹೊಸ್ತಿಲಿಗೂ ನಡುವೆ ಜೇಡ ಒಂದು ಎಳೆ ಕಟ್ಟಿದೆ.

ಅಂದರೆ ಅಪ್ಪ ಒಂದು ದಿನವೂ ಮುಟ್ಟಿಲ್ಲ. ಇಷ್ಟು ದಿನ, ಒಂಟಿ ಕಾಲಿನಲ್ಲಿ, ಕಣ್ಣು ಬಿಟ್ಟುಕೊಂಡು ನಿಂತಿದ್ದಾಳೆ. ಅಪ್ಪ ಆರಾಮಾಗಿ ಉಂಡು ಮಲಗುತ್ತಿದ್ದಾನೆ.

ಪಡಸಾಲೆಗೆ ಬಂದೆ. ಗೂಡಿನಲ್ಲಿ ಅಪ್ಪ ಮಾಡಿದ ಕೊಕ್ಕರೆ. ಅವ್ವ ಇದ್ದಾಗಿನದು. ಕಣ್ಣು ಬಿಡಿಸಿದ ಕೊಕ್ಕರೆ, ಒಂದೇ ಕಾಲು. ಅದನ್ನು ಯಾರು ಯಾವತ್ತು ಮಲಗಿಸಿದ್ದರು?

ಅತ್ತೆಯನ್ನು ಕೇಳಿದೆ. "ಅತ್ತಿ, ಒಂಟಿ ಕಾಲಿನ ಗೊಂಬಿ ರಾತ್ರಿ ಮಲಗಸ್ಬೇಕಂತ ನಮ್ಮಾಗ ಶಾಸ್ತ್ರ ಐತೇನು? ಮಂಗಳವಾರ ಕೀಲು ತಿರುವಬಾರ್ದಂತ?"

ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಈ ಮನ್ಯಾಗ ಹುಟ್ಟಿ ಬೆಳದಾಕಿ ನಾನು. ನಮ್ಮಪ್ಪ ಮಾಡಲಿಲ್ಲ, ನಮ್ಮಜ್ಜ ಮಾಡಲಿಲ್ಲ. ಯಾವ ಶಾಸ್ತ್ರನ?" ಅಂದಳು. ಸ್ವಲ್ಪ ಹೊತ್ತಿನ ಮೇಲೆ ದನಿ ಇಳಿಸಿ, "ನಿಮ್ಮಪ್ಪಗ ಸುಳ್ಳ ಹೇಳಾಕ ಬರೂದಿಲ್ಲ. ಬಂದಷ್ಟು ಹೇಳ್ಯಾನ. ಬಿಟ್ಟಬಿಡು," ಅಂದಳು.

ಅವಳಿಗೆ ಗೊತ್ತಿತ್ತು! ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದಳು. ಆ ಬಾಯಿ!

ಕೆಲಸ ಮುಗಿದ ದಿನ ಕಳಿಸುತ್ತೇನೆ ಎಂದು ಮಾತು ಕೊಟ್ಟ. ಮಾತು ಮುರಿಯಲಾರ. ಅದಕ್ಕೇ ಕೆಲಸ ಮುಗಿಯಗೊಡುತ್ತಿಲ್ಲ. ರಾತ್ರಿ ರಾತ್ರಿ ಬಂದು ಮಲಗಿಸುತ್ತಿದ್ದುದು ನೀರವ್ವನನ್ನಲ್ಲ. ಈಗ ಫಿಲ್ಮು ತಾನೇ ಮುಗಿದು ಕಾಲು ಗಾಳಿಯಲ್ಲಿ ನಿಂತಿದೆ. ಅಪ್ಪನಿಗೆ ಶಾಸ್ತ್ರ ಬೇಕಾಗಿಲ್ಲ.

ಬಚ್ಚಲಲ್ಲಿ ಕೂತು ಅತ್ತುಬಿಟ್ಟೆ. ಸಿಟ್ಟಿಗೋ, ಪ್ರೀತಿಗೋ. ಅಪ್ಪ ನನ್ನನ್ನು ಇಷ್ಟು ಬೇಕೆಂದುಕೊಂಡಿದ್ದಾನೆ ಎಂದು ಒಂದು ದಿನವಾದರೂ ಹೇಳಿದ್ದರೆ! ಹೇಳಲಿಲ್ಲ. ಗೊಂಬೆಯನ್ನು ನನ್ನ ದಾರಿಗೆ ಅಡ್ಡ ಮಲಗಿಸಿದ. ಅಪ್ಪಾ, ಆ ಬಿಕ್ಕಳಿಕೆಗೆ ಊರೇ ನಕ್ಕಿತಲ್ಲೋ. ಅದು ನನ್ನ ಕೆಲಸವಾಗಿತ್ತಲ್ಲೋ.

೬ ಮೇ

ಅಪ್ಪನೊಡನೆ ಮಾತಿಲ್ಲ. ತಾಟು ಇಟ್ಟೆ, ನೀರು ಇಟ್ಟೆ. "ಯಾಕವ್ವ, ಮೈಯಾಗ ಆರಾಮಿಲ್ಲೇನ?" ಅಂದ. ಒಲೆಯ ಕಡೆ ತಿರುಗಿದೆ.

ಹೇಳಬೇಕು. ಹೇಳಿದರೆ ಮುಖ ಹೇಗೆ ಎತ್ತುತ್ತಾನೆ? ಹೇಳುವುದಿಲ್ಲ.

೧೧ ಮೇ, ಸೋಮವಾರ

ಅಕ್ಕನ ಕಾರ್ಡು. ಒಂದು ರೀಲು ಫಿಲ್ಮು ಸಿಕ್ಕಿದೆ. ಒಂದೇ. ಶುಕ್ರವಾರ ಬೆಳಿಗ್ಗೆ ಬರುತ್ತಾರೆ. ಕೊನೆಯ ತುಣುಕು ಮುಗಿಸಿ ಅಂದೇ ಸಂಜೆಯ ಗಾಡಿಗೆ ಬೊಂಬಾಯಿ. 'ಗಂಟು ಕಟ್ಟಿರುವೆ ತಾನೆ?'

ಅಪ್ಪನೇ ಓದಿಸಿ ಕೇಳಿದ. ಬೊಂಬಾಯಿಯ ಸಾಲನ್ನೂ ಓದಿದೆ. ದನಿ ಅಲ್ಲಾಡಲಿಲ್ಲ. ಅಪ್ಪ ಎದ್ದು ಹಿತ್ತಲಿಗೆ ಹೋದ.

೧೩ ಮೇ, ಬುಧವಾರ

ಈ ಶಬ್ಬೀರಸಾಬನ ಕೈ ಮುರಿಯಲಿ! ಹೊಸ ಕಾಗದ ಅಂಟಿಸಿದ್ದಾನೆ — 'ಶುಕ್ರವಾರ ಮುಗಿಯುತ್ತದೆ! ಮುಂದಿನ ತಿಂಗಳು ನಿಮ್ಮ ಊರಲ್ಲಿ! ಬಿಕ್ಕಳಿಕೆ ಇಲ್ಲ!' ಕುಷ್ಟಗಿ ಸಂತೆಯಲ್ಲೂ ಹಂಚಿಸಿದನಂತೆ. ಕುಷ್ಟಗಿಯಿಂದ ಹೇಳಿಕೆ ಬಂತು. ಶುಕ್ರವಾರ ಮಧ್ಯಾಹ್ನ ಬಂಡಿ ಬರುತ್ತದೆ. ಈ ಸಲ ಗಾಳೆಪ್ಪ ಅಲ್ಲ. ಅವನ ಅಣ್ಣ. ಅವರೇ ಬರುತ್ತಾರೆ.

ಗಂಟು ಕಟ್ಟಿದ್ದೇನೆ. ಎರಡು ಸೀರೆ, ಈ ಡೈರಿ, ಅಪ್ಪ ಹಳೆಯದಾಯಿತೆಂದು ಬಿಸಾಕಿದ ಸಣ್ಣ ಕುಂಚ. ಯಾವ ಬಂಡಿಗೆ ಎಂದು ಗಂಟಿಗೆ ಗೊತ್ತಿಲ್ಲ.

ಸೈದಾನಬಿ ಬಂದು ಹೋದಳು. "ಏನ ಚಿತ್ರನೋ ಏನೋ. ಬರ್ತೈತಿ ಬರ್ತೈತಿ ಅಂತಾರ, ಬಂದದ್ದ ಯಾರೂ ನೋಡಿಲ್ಲ." ನನಗೂ ಹಾಗೇ ಅನಿಸುತ್ತದೆ. ಆ ಒಂದು ರೀಲು ಬೊಂಬಾಯಿಯಲ್ಲಿ ಯಾರಿಗೆ ಬೇಕು? ಯುದ್ಧದ ಹೊತ್ತಿನಲ್ಲಿ ಒಬ್ಬಳು ಗೊಂಬೆ ನೀರು ತರುವುದನ್ನು ಯಾರು ಕೂತು ನೋಡುತ್ತಾರೆ? ಆದರೂ ಧೋತರದ ಮೇಲೆ ಆಕೆ ನಡೆದದ್ದನ್ನು ನೋಡಿದ್ದೇನೆ. ಅದನ್ನು ನೋಡಿಲ್ಲ ಎನ್ನಲು ಆಗುವುದಿಲ್ಲ.

೧೫ ಮೇ, ಶುಕ್ರವಾರ. ಬೆಳಿಗ್ಗೆ

ಅಕ್ಕನವರು ಬಂದರು. ಬಂದವರೇ ಕೈಕಾಲು ತೊಳೆಯದೆ ಕೆಲಸಕ್ಕೆ. ನಾನು ಬೀಗ ತೆಗೆದೆ.

ನೀರವ್ವ ಮಲಗಿದ್ದಳು.

ಅಪ್ಪನ ಹೆಗಲ ವಸ್ತ್ರದ ಮೇಲೆ. ಮುಖಕ್ಕೆ ಬಟ್ಟೆ. ಜೇಡನ ಎಳೆ ಹರಿದಿತ್ತು.

ನನ್ನ ಹಿಂದೆ ಬಾಗಿಲಲ್ಲಿ ಅಪ್ಪ. ವಿರೂಪಾಕ್ಷಪ್ಪನವರು ಇನ್ನೂ ಅಂಗಳದಲ್ಲಿ ಪೆಟಾರಿ ಬಿಚ್ಚುತ್ತಿದ್ದರು. ಬಾಗಿಲನ್ನು ಅರ್ಧ ಎಳೆದುಕೊಂಡೆ.

"ಕಾಲು ನೋಯ್ತಿತ್ತೇನು ಆಕಿಗೆ? ನಿನ್ನೆ ಒಂದ ದಿನ?" ಅಂದೆ.

ಅಪ್ಪ ನೆಲ ನೋಡಿದ.

"ಅಪ್ಪ, ಶಾಸ್ತ್ರ ಇಲ್ಲ. ನನಗ ಗೊತ್ತೈತಿ. ಅತ್ತಿಗೂ ಗೊತ್ತೈತಿ."

ಅಪ್ಪ ಕೋಣೆಯ ಹೊಸ್ತಿಲ ಮೇಲೆ ಕೂತುಬಿಟ್ಟ. "ಮಾತ ಕೊಟ್ಟಬಿಟ್ಟಿದ್ನೆವ್ವ," ಅಂದ. "ಹಿರ್ಯಾರೆಲ್ಲ ಕುಂತಿದ್ರು. ನನಗ ಬ್ಯಾರೆ ಏನೂ ತಿಳೀಲಿಲ್ಲ. ಕಾಲು ಇಳದ್ರ ಆ ಮನಿಗಿ ಹೊಕ್ಕೀ. ಇಲ್ಲಾಂದ್ರ ಗುರ್ತಿಲ್ಲದ ಊರಿಗಿ ಹೊಕ್ಕೀ. ಒಂಟಿ ಕಾಲ ಮ್ಯಾಲರ ಇರ್ಲಿ, ಮನ್ಯಾಗ ಇರ್ತೀ ಅಂದ್ಕೊಂಡೆ."

ಸಿಟ್ಟೆಲ್ಲ ಎಲ್ಲಿ ಹೋಯಿತೋ. ಅವನ ಎದುರು ಕೂತೆ. "ನನಗ ಕಾಲು ನೋಯ್ತಾವ ಅಪ್ಪ," ಅಂದೆ.

ಎದ್ದು ಗೊಂಬೆಯನ್ನು ಕೈಗೆ ತೆಗೆದುಕೊಂಡೆ. ಎಡಗಾಲು ಗುರುತಿನ ಮೇಲೆ. ಸೊಂಟ. ಕೊಡ. ಎತ್ತಿದ ಬಲಗಾಲು ಹೊಸ್ತಿಲ ಮೇಲೆ. ಉಸಿರು ಹಿಡಿದು, ಗುರುತು ನೋಡಿ ನೋಡಿ ಇಟ್ಟೆ. ಬಿಕ್ಕಳಿಸಿದರೆ ಈ ಸಲ ಇನ್ನೊಂದು ರೀಲು ಇಲ್ಲ.

ಅಪ್ಪ ಅಲ್ಲಿಂದಲೇ ಕೇಳಿದ, "ಮಧ್ಯಾನ ಅವ್ರು ಬರ್ತಾರ. ಏನ ಹೇಳ್ಲಿ ನಾನು? ಮಾತ ಹ್ಯಾಂಗ ಮುರೀಲಿ?"

"ಮುರೀಬ್ಯಾಡ. ಗೊಂಬಿ ಕೆಲಸ ಮುಗಿದಿಲ್ಲ ಅನ್ನು. ಉಳಿದದ್ದು ಬೊಂಬಾಯಿದಾಗ ಐತಿ ಅನ್ನು. ಸುಳ್ಳಲ್ಲಲ್ಲ ಅದು?"

ಅಪ್ಪ ಮುಖ ಎತ್ತಿದ. ನನ್ನನ್ನಲ್ಲ, ಗೊಂಬೆಯನ್ನು ನೋಡಿದ. ಎದ್ದ. ಒಳಗೆ ಬಂದು ಆಕೆಯ ಮುಂದೆ ಮೊಣಕಾಲೂರಿದ. ಮತ್ತೆ ಮಲಗಿಸುತ್ತಾನೆ ಎಂದುಕೊಂಡೆ. ಒಂದು ಕಣ್ಣು ಮುಚ್ಚಿ ನೋಡಿ, ತೋರುಬೆರಳಿನಿಂದ ಎತ್ತಿದ ಕಾಲಿನ ಹಿಮ್ಮಡಿಯನ್ನು ಮುಂದಕ್ಕೆ ಸರಿಸಿದ.

"ಎಳ್ಳಷ್ಟು ಹಿಂದಿತ್ತು," ಅಂದ. "ಈಗ ಸರಿ ಐತಿ. ನಡಸು."

ಹೊರಗೆ ಹೋದ. ಹೋಗುವಾಗ ತನ್ನ ವಸ್ತ್ರ ಕೊಡವಿ ಹೆಗಲಿಗೆ ಹಾಕಿಕೊಂಡ.

ವಿರೂಪಾಕ್ಷಪ್ಪನವರು ಕರಿ ಬಟ್ಟೆಯೊಳಗೆ ಕೈ ಹಾಕಿ ರೀಲು ಏರಿಸುತ್ತಿದ್ದಾರೆ. ಅಷ್ಟರಲ್ಲಿ ಇದನ್ನು ಬರೆದೆ. ಪೆಟ್ರೋಮ್ಯಾಕ್ಸ್ ಬುಸುಗುಡುತ್ತಿದೆ. ಪಡಸಾಲೆಯಲ್ಲಿ ಅತ್ತೆ ನನ್ನ ಗಂಟು ಬಿಚ್ಚಿ ರೊಟ್ಟಿ ಸೇರಿಸಿ ಮತ್ತೆ ಕಟ್ಟುತ್ತಿದ್ದಾಳೆ, ಬೈಯುತ್ತಾ. ಬೀದಿಯಲ್ಲಿ ಬಂಡಿಯ ಗೆಜ್ಜೆ. ಇಷ್ಟು ಬೇಗ? ಮಧ್ಯಾಹ್ನ ಅಂದಿದ್ದರು. ಅಕ್ಕ ಬಾಗಿಲು ಹಾಕಿ ಬರುತ್ತಿದ್ದಾರೆ. ಹೊರಗೆ ಅಪ್ಪನ ದನಿ — "ಬರ್ರಿ, ಕುಂದರ್ರಿ. ಕೆಲಸ ಇನ್ನೂ ಭಾಳ ಐತಿ..."

ಟಕ್ ಅಂತು. ಕರೆಯುತ್ತಿದ್ದಾರೆ. ಕಾಲು ಹೊಸ್ತಿಲ ಆಚೆಗೆ ಇನ್ನು ಎಳ್ಳಷ್ಟು —